ಹೊಡೆದವರು ಯಾರು

ಏನಾದರೂ ಸಿಗಲಿ ಎಂದು ಎನಿಫಾ ಬೇಡಿಕೊಂಡಳು. ಬೇಡಿಕೊಂಡಾದ ಮೇಲಷ್ಟೇ ತಾನು ಬೇಡಿಕೊಂಡದ್ದು ಏನೆಂದು ಅವಳಿಗೆ ಹೊಳೆಯಿತು. ಮಗುವಿನ ರಕ್ತದಲ್ಲಿ ಏನಾದರೂ ಸಿಗಲಿ. ಹೆಸರಿರುವ ಒಂದು ಕಾಯಿಲೆ ಸಿಗಲಿ. ಬಿಳಿ ಕೋಟಿನವರು ಗಟ್ಟಿಯಾಗಿ ಹೇಳಿದರೆ ಮುಲಾಂಜೆ ಬೆಟ್ಟದ ಬುಡದ ಆ ಊರಿನ ತನಕ ಕೇಳಿಸುವಂಥ ಹೆಸರು. ಕೈಕೆಳಗೆ ಮುಸುಕಿನಜೋಳದ ಗಂಜಿ ಕುದಿಯುತ್ತಿತ್ತು. ಬ್ಲಾಂಟೈರಿನ ದೊಡ್ಡಾಸ್ಪತ್ರೆಯ ಹಿಂದುಗಡೆ, ತಗಡಿನ ಚಪ್ಪರದ ಕೆಳಗೆ, ತಂತಮ್ಮ ರೋಗಿಗಳನ್ನು ನೋಡಿಕೊಳ್ಳಲು ಊರೂರಿಂದ ಬಂದ ಹೆಂಗಸರು ಒಲೆಗೊಬ್ಬರಂತೆ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಮುಖ ತಿರುಗಿಸಿಕೊಂಡು ಸೌಟಾಡಿಸುತ್ತಿದ್ದರು. ಪಕ್ಕದ ಒಲೆಯವಳು, ಚಿಕ್ವಾವಾ ಕಡೆಯವಳು, ಕಾಲು ಸುಟ್ಟುಕೊಂಡ ಮೊಮ್ಮಗನ ಜೊತೆ ಬಂದವಳು, ಎನಿಫಾಳ ಪಾತ್ರೆಯೊಳಗೆ ಇಣುಕಿದಳು.

"ತಳ ಹಿಡೀತಿದೆ ಕಣೆ ತಾಯಿ. ಯಾರ ಮೇಲಿನ ಸಿಟ್ಟು ಅದು? ಗಂಜಿ ಮೇಲಾ, ಗಂಡನ ಮೇಲಾ?"

"ಗಂಡನ ಮೇಲೆ ಸಿಟ್ಟು ಮಾಡ್ಕೋಬೇಕಂದ್ರೆ ಅವನು ಬಾಯಿ ಬಿಡಬೇಕಲ್ಲ," ಎಂದಳು ಎನಿಫಾ.

"ಬಾಯಿ ಬಿಡದ ಗಂಡನಾ! ನಂಗೆ ಕೊಟ್ಬಿಡೆ. ನನ್ನೋನು ನಿದ್ದೇಲೂ ಜಗಳ ಆಡ್ತಾನೆ." ಸುತ್ತಲಿನವರು ನಕ್ಕರು. ನಗು ಇಳಿದ ಮೇಲೆ ಆಕೆ ದನಿ ತಗ್ಗಿಸಿ ಕೇಳಿದಳು, "ಮಗು ನಿಂದೇನಾ?"

"ನಂದೇ."

ಇಲ್ಲಿ ಅಲ್ಲ ಎನ್ನಲು ಯಾರೂ ಇರಲಿಲ್ಲ. ಸುಳ್ಳು ಬಾಯಲ್ಲಿ ಕಬ್ಬಿನ ಹಾಗೆ ಸಿಹಿಯಾಗಿ, ಆಮೇಲೆ ಸಿಪ್ಪೆಯಾಗಿ ಉಳಿಯಿತು. ತಿಯೆಸೆ ಅವಳ ಮಗು ಅಲ್ಲ. ಗಂಡ ಲಕ್ಸನ್‌ನ ಮೊದಲ ಹೆಂಡತಿ ರೋಯಿದಾಳ ಮಗು. ರೋಯಿದಾ ಎರಡನೆಯ ಬಸಿರಲ್ಲಿ ಸತ್ತ ಮೇಲೆ, ಅವರ ಪದ್ಧತಿಯಂತೆ, ತಾಯಿಯ ತಾಯಿಗೂ ತಾಯಿಯ ಅಣ್ಣನಿಗೂ ಸೇರಬೇಕಾದ ಮಗು. ಅಪ್ಪನಿಗೆ ಮಕ್ಕಳ ಮೇಲೆ ಅಂಥ ಹಕ್ಕೇನೂ ಇಲ್ಲ. ಅಪ್ಪನ ಹೊಸ ಹೆಂಡತಿಗಂತೂ ಗಾಳಿಗಿರುವಷ್ಟೂ ಇಲ್ಲ. ಆದರೆ ಮಗು ಅಪ್ಪನ ಸೈಕಲ್ಲನ್ನು ಬಿಡದೆ ಹಿಡಿದುಕೊಂಡು ಊರಿಗೆ ಊರೇ ಕೇಳುವಂತೆ ಅತ್ತಿತ್ತು. ಆಗ ಅಜ್ಜಿ ಫಾಲೆಸಿ, ಚಹಾ ತೋಟದ ದಾರಿಯಲ್ಲಿ ನಿಂತು, ಎನಿಫಾಳ ಮುಖ ನೋಡದೆ ಹೇಳಿದ್ದಳು: "ಕರಕೊಂಡು ಹೋಗು. ಕೊಟ್ಟಿದ್ದಲ್ಲ, ಎರವಲು. ಮಡಕೆ ಎರವಲು ತಗೊಂಡೋರು ಬಿರುಕು ಬಿಡದ ಹಾಗೆ ವಾಪಸು ಕೊಡಬೇಕು, ಅಷ್ಟು ಗೊತ್ತಿರಲಿ." ಮಕ್ಕಳಾಗದ ಎನಿಫಾ ತಲೆ ತಗ್ಗಿಸಿ ಸರಿ ಎಂದಿದ್ದಳು. ಆ ಸರಿಯನ್ನು ಈಗ ನೆನೆದರೆ ಅವಳ ಕಿವಿ ಕಾಯುತ್ತದೆ.

ಬಿರುಕು ಮೊದಲು ಕಂಡದ್ದು ಅವಳಿಗೇ. ಮನೆಯ ಹಿಂದೆ ಹುಲ್ಲಿನ ತಡಿಕೆಯ ಮರೆಯಲ್ಲಿ ಮಗುವಿಗೆ ಸ್ನಾನ ಮಾಡಿಸುವಾಗ, ಇಳಿಬಿಸಿಲು ಓರೆಯಾಗಿ ಬಿದ್ದ ಒದ್ದೆ ತೊಡೆಯ ಮೇಲೆ ನೀರಿನ ಮೇಲೆ ತೇಲುವ ಸೀಮೆಎಣ್ಣೆಯಂಥ ಒಂದು ಬಣ್ಣ. ಮಗುವಿನದು ಸುಟ್ಟ ಜೋಳದ ಕಪ್ಪು. ಅದರ ಮೇಲೆ ನೀಲಿ ನಿಂತಿದೆಯೆಂದು ಗೊತ್ತಾಗಬೇಕಾದರೆ ಬೆಳಕು ಬೇಕು, ಬೆಳಕಿಗಿಂತ ಹೆಚ್ಚಾಗಿ ದಿನವೂ ಆ ಮೈ ತೊಳೆದ ಕೈ ಬೇಕು. ಎಲ್ಲಿ ಬಿದ್ದೆ ಎಂದು ಕೇಳಿದಳು. ಬಿದ್ದಿಲ್ಲ ಎಂದಿತು ಮಗು. ಮೊಣಕಾಲಿನ ಕಲೆ ಎಲ್ಲ ಮಕ್ಕಳಿಗೂ ಇರುತ್ತದೆ. ಬೆನ್ನಿನ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ತೋಳಿನ ಒಳಮೈಯಲ್ಲಿ, ಯಾವ ಮಗುವೂ ಬಿದ್ದು ಪೆಟ್ಟು ಮಾಡಿಕೊಳ್ಳದ ಮೆತ್ತನೆಯ ಜಾಗಗಳಲ್ಲಿ ಈ ಕಲೆಗಳು ಒಂದು ಮಾಸುವ ಮುಂಚೆ ಇನ್ನೊಂದು ಬರುತ್ತಿದ್ದವು. ಆಮೇಲೆ ಕಬ್ಬು ಅಗಿದು ಉಗಿದ ಬಿಳಿ ಸಿಪ್ಪೆಯಲ್ಲಿ ಕೆಂಪು. ಮೂಗಿನಿಂದ ಸುಮ್ಮಸುಮ್ಮನೆ ರಕ್ತ. ಬಂದು ಹೋಗಿ ಬರುವ ಜ್ವರ. ಅಂಗೈ ತಿರುಗಿಸಿ ನೋಡಿದರೆ ಕೆಂಪೇ ಇಲ್ಲ, ತೊಳೆದಿಟ್ಟ ಗೆಣಸಿನ ಸಿಪ್ಪೆಯ ಬಣ್ಣ. ನೀರಿಗೆ ಹೋಗೋಣ ಬಾ ಎಂದರೆ ಮಗು ಬೋರ್‌ವೆಲ್ ದಾರಿಯಲ್ಲಿ ಕೂತುಬಿಡುತ್ತಿತ್ತು. "ಎನೀ, ನನ್ನ ಕಾಲೊಳಗೆ ಯಾರೋ ಕಚ್ತಾರೆ." ಸೋಮಾರಿ ಎಂದು ತಾನೇ ಒಮ್ಮೆ ರಟ್ಟೆ ಹಿಡಿದು ಎಬ್ಬಿಸಿದ್ದಳು. ಹಿಡಿದ ಜಾಗದಲ್ಲಿ ಮರುದಿನ ಏನು ಮೂಡಿತ್ತೋ ಅದನ್ನು ಅವಳು ನೋಡಲಿಲ್ಲ. ನೋಡಬಾರದೆಂದೇ ಅಂದು ಮಗುವಿಗೆ ತೋಳಿರುವ ಅಂಗಿ ಹಾಕಿದಳು.

ಊರ ಆರೋಗ್ಯ ಕೇಂದ್ರದವನು ಬೆರಳು ಚುಚ್ಚಿ ನೋಡಿ ಮಲೇರಿಯಾ ಇಲ್ಲ ಎಂದ, ಇಲ್ಲವೆಂದು ಹೇಳುತ್ತಲೇ ಮಲೇರಿಯಾ ಮಾತ್ರೆ ಕೊಟ್ಟ. ಮತ್ತೆ ಹೋದರೆ ಮತ್ತೆ ಅದೇ. "ಮಳೆಗಾಲ ಅಲ್ವಾ, ಇನ್ನೇನಿರುತ್ತೆ?" ಎಂದು ನಕ್ಕ. ಆ ನಗುವನ್ನೂ ಎನಿಫಾ ಎತ್ತಿಟ್ಟುಕೊಂಡಿದ್ದಾಳೆ. ಎಲ್ಲರದನ್ನೂ ಎತ್ತಿಟ್ಟುಕೊಂಡಿದ್ದಾಳೆ. ಆದರೆ ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಊರ ಮುಖ್ಯಸ್ಥನ ಮಾವಿನ ಮರದ ಕೆಳಗಿನ ಆ ಮಧ್ಯಾಹ್ನವನ್ನು.

ಒಂದು ಸಾವಿನ ಮನೆಗೆ ಮಗುವನ್ನು ಕರೆದುಕೊಂಡು ಹೋದಾಗ ಅಜ್ಜಿ ಕಲೆಗಳನ್ನು ನೋಡಿದ್ದಳು. ವಾರ ಕಳೆಯುವುದರೊಳಗೆ ಪಂಚಾಯಿತಿ. ತಾಯಿಯ ಅಣ್ಣ ಬಿಟೋನಿ, ತಂಗಿಯರ ಮಕ್ಕಳಿಗೆಲ್ಲ ಯಜಮಾನ, ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗಂಡಸರು ಒಂದು ಕಡೆ, ಚಾಪೆಯ ಮೇಲೆ ಹೆಂಗಸರು ಒಂದು ಕಡೆ. ಫಾಲೆಸಿ ಮಗುವನ್ನು ನಡುವೆ ನಿಲ್ಲಿಸಿ, ಹಿಂದಿನಿಂದ ಅಂಗಿಯನ್ನು ಕುತ್ತಿಗೆಯ ತನಕ ಎತ್ತಿದಳು. "ನೋಡ್ರಪ್ಪಾ. ಮಲತಾಯಿ ಕೈಕೆಲಸ ನೋಡ್ರಿ. ಹೆತ್ತಿದ್ರೆ ಗೊತ್ತಿರ್ತಿತ್ತು ನೋವು." ಹೆಂಗಸರ ಕಡೆಯಿಂದ ನಾಲಿಗೆ ಲೊಚಗುಟ್ಟುವ ಸದ್ದು. ತಿಯೆಸೆಯ ಬೆನ್ನು ಬಿಸಿಲಿಗೆ ಸಣ್ಣಗೆ ನಡುಗುತ್ತಿತ್ತು, ಜ್ವರ ಇತ್ತು, ಅದು ಯಾರಿಗೂ ಕಾಣಲಿಲ್ಲ. ಬಿಟೋನಿ ಬಗ್ಗಿ ಕೇಳಿದ: "ಯಾರಮ್ಮಾ ಹೊಡೆದಿದ್ದು? ಎನಿಫಾನಾ?" ಮಗು ಎನಿಫಾಳನ್ನು ನೋಡಿತು. ಆಮೇಲೆ ಅಜ್ಜಿಯನ್ನು ನೋಡಿತು. ಆಮೇಲೆ ತಲೆಯಾಡಿಸಿತು. ಸುಸ್ತಾಗಿತ್ತು, ಕೂರಬೇಕಾಗಿತ್ತು, ಹೂಂ ಎಂದರೆ ಕೂರಿಸುತ್ತಾರೆ ಎಂದು ಅದಕ್ಕೆ ಗೊತ್ತಿತ್ತು, ಇದನ್ನು ಎನಿಫಾ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿಲ್ಲ. ಆದರೂ ಆ ಪುಟ್ಟ ಗದ್ದ ಕೆಳಗಿಳಿದು ಮೇಲೆದ್ದದ್ದು ಅವಳೊಳಗೆ ಇನ್ನೂ ನಿಂತಿಲ್ಲ. ಲಕ್ಸನ್ ಸೈಕಲ್ ಗಂಟೆಯ ಮುಚ್ಚಳ ತಿರುಗಿಸುತ್ತಾ, ಬಿಗಿ ಮಾಡುತ್ತಾ, ಮತ್ತೆ ಸಡಿಲ ಮಾಡುತ್ತಾ ಕೂತಿದ್ದ. ತಪ್ಪಿಗೆ ಎರಡು ಕೋಳಿ. ಮಗು ಅಜ್ಜಿಯ ಮನೆಗೆ. ಅಂದಿನಿಂದ ನೀರಿಗೆ ಹೋದರೆ ಹೆಂಗಸರು ತಮ್ಮ ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದರು. ಯಾರೋ ಒಬ್ಬಳು ಕೊಡ ಎತ್ತಿಕೊಡುತ್ತಾ, "ಮೆಲ್ಲಗೆ ಕಣಮ್ಮ, ಕೈ ಭಾರ ನಿಂದು," ಎಂದಳು. ಉಳಿದವರು ನಗು ತಡೆಯಲು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆ ದಿನಗಳಲ್ಲಿ ಅವಳು ಸೇಡಿನ ಮೇಲೆ ಬದುಕಿದಳು. ಜೋಳ ಕುಟ್ಟುವಾಗ ಒನಕೆಯ ಒಂದೊಂದು ಪೆಟ್ಟಿಗೂ ಒಂದೊಂದು ಮಾತು ಜೋಡಿಸಿದಳು. ಅದೇ ಮರದ ಕೆಳಗೆ, ಅದೇ ಜನರ ಎದುರು, ಮುದುಕಿ ತಪ್ಪಾಯಿತು ಎನ್ನಬೇಕು. ಬಿಟೋನಿ ಕುರ್ಚಿಯಿಂದ ಏಳಬೇಕು. ಆ ದಿನ ತಾನು ಯಾವ ಚಿತೆಂಜೆ ಉಟ್ಟಿರಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಬೇಕು, ಎಲ್ಲವನ್ನೂ ಮನಸ್ಸಿನಲ್ಲಿ ಉಟ್ಟು ಬಿಚ್ಚಿ ನೋಡಿದಳು. ಅಜ್ಜಿಯ ಮನೆಯಲ್ಲಿ ಮಗು ಚೇತರಿಸಿಕೊಂಡರೆ ತನ್ನ ಕತೆ ಮುಗಿಯಿತು ಎಂಬುದೂ ಗೊತ್ತಿತ್ತು. ಹಾಗಾಗಿ ದಾರಿಹೋಕರನ್ನು ಕೇಳುತ್ತಿದ್ದಳು: ಹೇಗಿದೆ ಮಗು? "ಹಾಗೇ ಇದೆ," ಎಂದರೆ ಎದೆ ಹಗುರಾಗುತ್ತಿತ್ತು. ಹಗುರಾದ ಎದೆಯನ್ನು ಏನು ಮಾಡಬೇಕೆಂದು ತಿಳಿಯದೆ ಮನೆ ಗುಡಿಸುತ್ತಿದ್ದಳು.

ಮಗುವಿನ ಹೊಟ್ಟೆ ಎಡಗಡೆ ಉಬ್ಬಿತು. ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಮರಿ ಆಮೆಯಷ್ಟು ಗಟ್ಟಿ. ಅಜ್ಜಿ ತನಗೆ ತಿಳಿದದ್ದನ್ನು ಮಾಡಿದಳು. ಅವಳ ಮಕ್ಕಳಿಗೆಲ್ಲ ಮಾಡಿಸಿದ್ದು, ಅವಳಿಗೆ ಅವಳ ತಾಯಿ ಮಾಡಿಸಿದ್ದು. ಮದ್ದು ಕೊಡುವವನ ಬಳಿ ಕರೆದೊಯ್ದು, ಉಬ್ಬಿದ ಜಾಗದ ಮೇಲೆ ಬ್ಲೇಡಿನಿಂದ ಸಾಲಾಗಿ ಸಣ್ಣ ಗೀರು ಹಾಕಿಸಿ, ಬೇರಿನ ಕರಿ ಪುಡಿ ತಿಕ್ಕಿಸಿದಳು. ಎಲ್ಲರ ಹೊಟ್ಟೆಯ ಮೇಲೂ ಆ ಸಾಲುಗಳಿವೆ, ಎನಿಫಾಳಿಗೂ ಇವೆ. ಒಂದು ಹನಿ ಬಂದು ನಿಲ್ಲುವ ರಕ್ತ ಅದು. ತಿಯೆಸೆಯದು ನಿಲ್ಲಲಿಲ್ಲ. ಬೆಳಿಗ್ಗೆ ಹಾಕಿದ ಗೀರಿನಿಂದ ಮಧ್ಯಾಹ್ನವೂ ತೆಳ್ಳಗೆ, ನೀರಾಗಿ, ಹಟ ಹಿಡಿದಂತೆ ಜಿನುಗುತ್ತಲೇ ಇತ್ತು. ಬಟ್ಟೆ ಬದಲಿಸಿದರು, ಬೂದಿ ಒತ್ತಿದರು, ಬಾಳೆಯ ಸೊನೆ ಹಚ್ಚಿದರು. ಸಂಜೆ ಬಿಟೋನಿಯೇ ಓಡಿ ಬಂದು ಲಕ್ಸನ್‌ನನ್ನು ಕರೆದ. ಸೈಕಲ್ಲಿನ ಹಿಂದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೂತವಳು ಎನಿಫಾ; ಮುದುಕಿ ಪೊಲೀಸರು ಹಿಡಿಯುತ್ತಾರೆಂದು ಒಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಬೆನ್ನ ಮೇಲಿನ ಬಿಸಿ ಒದ್ದೆಯನ್ನು ಹೊತ್ತು, ಚಹಾ ಗಿಡಗಳ ನಡುವಿನ ದಾರಿಯಲ್ಲಿ, ಎನಿಫಾ ಯೋಚಿಸಿದ್ದು: ಈಗ ಯಾರು ಹೊಡೆದರು ಅಂತ ಕೇಳಲಿ ಅವರು.

ಜಿಲ್ಲೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದು ಯಂತ್ರಕ್ಕಿಟ್ಟರು. ಆಮೇಲೆ ಯಾರೂ ನಗಲಿಲ್ಲ. ರಕ್ತ ಏರಿಸಿ ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ಇಲ್ಲಿನ ಡಾಕ್ಟರ್ ಕಚಾಲೆ, ಎತ್ತರದ, ಸಣ್ಣ ದನಿಯ ಹೆಂಗಸು, ಮೊದಲ ದಿನ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಕುತ್ತಿಗೆಯ ಗಂಟುಗಳನ್ನು ಬೆರಳ ತುದಿಯಲ್ಲಿ ಉರುಳಿಸಿದಳು, ಅಂಗಾಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಯಿ ತೆರೆಸಿ ಬ್ಯಾಟರಿ ಬಿಟ್ಟಳು. ಅಂಗುಳಿನಲ್ಲಿ ಗಸಗಸೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಆಮೇಲೆ ಅವಳೂ ಕೇಳಿದಳು.

"ಮಗು ಎಲ್ಲಾದ್ರೂ ಬಿತ್ತಾ? ಯಾರಾದ್ರೂ ಹೊಡೆದಿದ್ರಾ?"

ಎನಿಫಾ ಮಗುವಿನ ಅಂಗಿಯನ್ನು ಕೆಳಗೆಳೆದಳು. "ನಾನು ಹೊಡೆದೆ ಅಂತ ಊರು ಹೇಳುತ್ತೆ."

ಡಾಕ್ಟರ್ ಒಮ್ಮೆ ಅವಳನ್ನು, ಒಮ್ಮೆ ಮಗುವಿನ ವಸಡನ್ನು ನೋಡಿದಳು. "ಕೇಳಲೇಬೇಕು, ಎಲ್ಲರನ್ನೂ ಕೇಳ್ತೀವಿ. ಆದ್ರೆ ಬಾಯೊಳಗೆ ಯಾರೂ ಹೊಡೆಯಲ್ಲ ಅಮ್ಮಾ. ಒಂದು ಹನಿ ರಕ್ತಾನ ಗಾಜಿನ ಮೇಲೆ ಹರಡಿ ನೋಡಿದೀವಿ. ಅಲ್ಲಿ ಇರಬಾರದ್ದು ಇದೆ ಅನ್ಸುತ್ತೆ. ಅನ್ಸಿದ್ರೆ ಸಾಲದು. ರಕ್ತ ತಯಾರಾಗೋದು ಮೂಳೆ ಒಳಗೆ. ಅಲ್ಲಿಂದ ಸ್ವಲ್ಪ ತೆಗೆದು ನೋಡಿದ್ರೆ ಖಚಿತ ಆಗುತ್ತೆ."

ಖಚಿತ. ಆ ಮಾತನ್ನು ಎನಿಫಾ ಮಡಿಲಲ್ಲಿ ಕಟ್ಟಿಕೊಂಡಂತೆ ವಾರ್ಡಿಗೆ ತಂದಿದ್ದಳು. ಇಂದು ಆ ದಿನ.

ಗಂಜಿ ತೆಗೆದುಕೊಂಡು ಹೋದಾಗ ವಾರ್ಡಿನ ಬಾಗಿಲಲ್ಲಿ ಮುದುಕಿ ಫಾಲೆಸಿ ನಿಂತಿದ್ದಳು. ತಲೆಯ ಮೇಲೆ ಗಂಟು, ಬರಿಗಾಲು, ಬೆಳಗಿನ ಮಿನಿಬಸ್ಸಿನ ಧೂಳು. ಮುಲಾಂಜೆಯಿಂದ ಯಾರೊಂದಿಗೂ ಮಾತಾಡದೆ ಬಂದವಳ ಹಾಗೆ ತುಟಿ ಅಂಟಿಕೊಂಡಿದ್ದವು. ಎನಿಫಾ ಅವಳನ್ನು ದಾಟಿ ಹೋದಳು. ಮುದುಕಿ ಹಿಂದೆಯೇ ಬಂದು, ಮಂಚದ ಕಾಲಬುಡದಲ್ಲಿ ಗಂಟು ಇಳಿಸಿದಳು.

"ನೆಲಗಡಲೆ ತಂದಿದೀನಿ. ಅವಳಿಗೆ ಇಷ್ಟ."

"ವಸಡಲ್ಲಿ ರಕ್ತ ಬರೋ ಮಗೂಗೆ ನೆಲಗಡಲೆ," ಎಂದಳು ಎನಿಫಾ ಗಂಜಿ ಆರಿಸುತ್ತಾ. "ಚೆನ್ನಾಗಿದೆ ಅಗೋಗೊ. ಬ್ಲೇಡು ತರಲಿಲ್ವಾ?"

ಅಗೋಗೊ ಎಂದರೆ ಅಜ್ಜಿ. ಅಷ್ಟು ಗೌರವದ ಮಾತಿನ ಬೆನ್ನಿಗೆ ಅಷ್ಟು ವಿಷವನ್ನು ಇಷ್ಟು ಸಲೀಸಾಗಿ ಇಡಬಹುದೆಂದು ಎನಿಫಾಳಿಗೆ ಗೊತ್ತಿರಲಿಲ್ಲ. ಮಗು ನಿದ್ದೆಗಣ್ಣಲ್ಲಿ, "ಅಗೋಗೊ, ನಿನ್ನ ಕೋಳಿ ಮರಿ ಮಾಡ್ತಾ?" ಎಂದು ಕೇಳಿತು. ಮಾಡಿತು ಎಂದಳು ಮುದುಕಿ. ಎಷ್ಟು ಎಂದಿತು ಮಗು. ಬಂದು ಎಣಿಸುವೆಯಂತೆ ಎಂದಳು.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ದಾದಿ ಬಂದಳು. ಮಗು ಮಂಪರಿಗೆ ಹೋಗಲು ಮದ್ದು ಕೊಡುತ್ತಾರೆ, ಸೊಂಟದ ಹಿಂದಿನ ಮೂಳೆಯ ಬಳಿ ಜೋಮು ಹಿಡಿಸುತ್ತಾರೆ, ಆಮೇಲೆ ಸೂಜಿ. ಪೂರ್ತಿ ನಿದ್ದೆಯಲ್ಲ, ಕೊಸರಾಡಬಹುದು. "ಒಬ್ರು ಒಳಗೆ ಬನ್ನಿ. ಮಗ್ಗುಲಾಗಿ ಮುದುಡಿಸಿ ಹಿಡ್ಕೋಬೇಕು. ಅಲ್ಲಾಡೋ ಹಾಗಿಲ್ಲ. ಯಾರು ಬರ್ತೀರಾ?"

ತಿಯೆಸೆಯ ಕೈ ಎನಿಫಾಳ ಚಿತೆಂಜೆಯ ಅಂಚನ್ನು ಹಿಡಿದಿತ್ತು. ಇಷ್ಟು ದಿನ ಎಲ್ಲ ಸೂಜಿಗೂ ಅವಳೇ ಹಿಡಿದಿದ್ದಳು. ಕಿವಿಯಲ್ಲಿ ಜೋಳ ಕುಟ್ಟುವ ಹಾಡು ಹೇಳುತ್ತಾ ಹಿಡಿಯುತ್ತಿದ್ದಳು, ಹಾಡಿನ ಲಯಕ್ಕೆ ಮಗು ಉಸಿರು ಬಿಡುತ್ತಿತ್ತು. ಈಗ ಅವಳು ಬಾಗಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇದನ್ನು ಮಾಡುತ್ತಿರುವವಳು ಯಾರೋ ಎಂಬಂತೆ ತನ್ನ ಕೈಯನ್ನೇ ನೋಡಿದಳು.

"ಅವರ ಮಗು," ಎಂದಳು ದಾದಿಗೆ, ಮುದುಕಿಯ ಕಡೆ ಗದ್ದ ತೋರಿಸಿ. "ನಾನು ಎರವಲು ತಗೊಂಡವಳು. ಅವರೇ ಹಿಡ್ಕೊಳ್ಳಲಿ."

"ನಾನಾ?" ಎಂದಳು ಮುದುಕಿ. "ನಂಗೆ ರಕ್ತ ನೋಡೋಕಾಗಲ್ಲ ಕಣೆ. ಆವತ್ತಿನಿಂದ ಆಗಲ್ಲ."

"ನೋಡಿ. ನೋಡೋಕೇ ಬಂದಿದೀರಲ್ಲ."

ಬಾಗಿಲು ಮುಚ್ಚಿತು. ಅದಕ್ಕೆ ಚಿಲಕ ಇರಲಿಲ್ಲ. ತಳ್ಳಿದರೆ ತೆರೆಯುವ ಬಾಗಿಲು. ಎನಿಫಾ ಅದರ ಹೊರಗೆ ಗೋಡೆಗೆ ಒರಗಿ ನಿಂತಳು. ಮೊದಲು ಡಾಕ್ಟರಳ ಸಣ್ಣ ದನಿ, ಲೋಹದ ತಟ್ಟೆಯ ಸದ್ದು. ಆಮೇಲೆ ಮಗು. ಅಳು ಅಲ್ಲ, ಕರೆ. "ಎನೀ! ಎನೀ ಬಾ! ಎನೀ!" ಮಂಪರಿನ ತೊದಲು ನಾಲಿಗೆಯಲ್ಲೂ ಅಜ್ಜಿಯ ತೋಳಿನೊಳಗಿಂದಲೇ ಅವಳ ಹೆಸರನ್ನು ಕರೆಯುತ್ತಿತ್ತು, ಮತ್ತು ಆ ಕರೆಯನ್ನು ಮುದುಕಿ ಕೇಳಿಸಿಕೊಳ್ಳುತ್ತಿದ್ದಳು. ಒಂದೊಂದು ಎನೀ ಕೂಡ ಮಾವಿನ ಮರದ ಕೆಳಗಿನ ಆ ತಲೆಯಾಡಿಸುವಿಕೆಯನ್ನು ಅಳಿಸುತ್ತಿತ್ತು. ಬಿಸಿ ಗಂಜಿ ಹೊಟ್ಟೆಗೆ ಇಳಿದಂತೆ ಸುಖವೊಂದು ಎನಿಫಾಳೊಳಗೆ ಇಳಿಯಿತು. ಇನ್ನೊಮ್ಮೆ ಕರಿ, ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಕಿವಿಗೆ ಬಿದ್ದಂತಾಗಿ ಅಂಗೈಯನ್ನು ಬಾಗಿಲಿಗೆ ಒತ್ತಿದಳು. ಬಾಗಿಲು ಒಂದು ಬೆರಳಷ್ಟು ಸರಿಯಿತು. ಅವಳು ಒಳಗೆ ಹೋಗಲಿಲ್ಲ. ಸಂದಿಯಲ್ಲಿ ಡಾಕ್ಟರಳ ಮೊಣಕೈ ತಿರುಗುತ್ತಾ ಒತ್ತುತ್ತಿರುವುದು, ಮುದುಕಿಯ ಬರಿ ಹಿಮ್ಮಡಿ ನೆಲಕ್ಕೆ ಊರಿರುವುದು ಕಂಡವು. "ಹಿಡ್ಕೊಳ್ಳಿ ಅಜ್ಜಿ, ಇನ್ನೂ ಗಟ್ಟಿಯಾಗಿ, ಈಗ ಎಳೀತೀನಿ." ಮಗು ಕರೆಯುವುದನ್ನು ನಿಲ್ಲಿಸಿ ಉದ್ದಕ್ಕೆ ಕಿರುಚಿತು. ಆಮೇಲೆ ಡಾಕ್ಟರ್ ಗಾಜಿನ ಮೇಲೆ ಏನನ್ನೋ ಹರಡಿ ಬೆಳಕಿಗೆ ಹಿಡಿದಳು. ಕೆಂಪಿನಲ್ಲಿ ನುಚ್ಚಿನಂಥ ಕಣಗಳು. ಬೆನ್ನುಹುರಿಯ ನೀರಿಗೆ ಇನ್ನೊಂದು ಸೂಜಿ, ಹಾಗೇ ಹಿಡಿದಿರಿ ಎಂದಳು. ಇನ್ನೊಂದು ಇದೆ ಎಂದು ಯಾರೂ ಎನಿಫಾಳಿಗೆ ಹೇಳಿರಲಿಲ್ಲ. ಆಗ ಅವಳಿಗೆ ಓಡಿ ಹೋಗಿ ಆ ಕಿವಿಯಲ್ಲಿ ಹಾಡಬೇಕೆನಿಸಿತು. ಬಾಯಿ ತೆರೆದಳು, ಹಾಡಿನ ಮೊದಲ ಮಾತು ಬರಲಿಲ್ಲ.

ಹೊರಗೆ ಬಂದ ಮುದುಕಿ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ವಾಂತಿ ಮಾಡಿದಳು. ಬಂದು ಮಂಚದ ಕೆಳಗಿನ ನೆಲದ ಮೇಲೆ ಮಲಗಿದಳು. ಸಂಜೆ ಎಚ್ಚರಾದ ಮಗು ಎನಿಫಾಳನ್ನು ಬಹಳ ಹೊತ್ತು ನೋಡಿತು. "ನೀನು ಬರಲಿಲ್ಲ," ಎಂದಿತು. ದೂರು ಹೇಳಿದಂತಿರಲಿಲ್ಲ, ಮಳೆ ಬರಲಿಲ್ಲ ಎನ್ನುವ ಹಾಗಿತ್ತು. ಎನಿಫಾ ಲೋಟಕ್ಕೆ ನೀರು ತುಂಬುತ್ತಿರುವಾಗ ಮಗು ಮತ್ತೆ ನಿದ್ದೆ ಹೋಯಿತು.

ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ತೋಳುಗಳ ಮೇಲೆ ಅವು ಕಂಡವು. ಎರಡೂ ತೋಳು, ಮೇಲ್ಭಾಗ. ಹೊರಗೆ ನಾಲ್ಕು, ಒಳಗೆ ಒಂದು, ಉದ್ದುದ್ದ, ಒಂದರ ಪಕ್ಕ ಒಂದು. ಕಿಟಕಿಯ ಬೆಳಕಿನಲ್ಲಿ ಬೆರಳ ಗೆಣ್ಣುಗಳೂ ಎಣಿಸುವಷ್ಟು ಸ್ಪಷ್ಟ. ಎನಿಫಾ ಒರೆಸುವುದನ್ನು ನಿಲ್ಲಿಸಿದಳು. ಮುದುಕಿಯನ್ನು ಕರೆಯಲಿಲ್ಲ. ಬಟ್ಟೆಯನ್ನು ಮಗುವಿನ ಮಡಿಲಿಗೆ ಸರಿಸಿ, ತೋಳುಗಳು ಕಾಣುವಂತೆ ಬಿಟ್ಟು, ಸುಮ್ಮನೆ ಪಕ್ಕಕ್ಕೆ ಸರಿದು ನಿಂತಳು. ಮುದುಕಿ ನೆಲದಿಂದ ಎದ್ದು, ಸೊಂಟ ನೇರ ಮಾಡಿಕೊಂಡು, ನೋಡಿದಳು. ತನ್ನ ಕೈಗಳನ್ನು ಚಿತೆಂಜೆಯೊಳಗೆ ಸುತ್ತಿಟ್ಟುಕೊಂಡಳು, ಚಳಿಯಾದವಳ ಹಾಗೆ.

"ಯಾರು ಹೊಡೆದಿದ್ದು?" ಎಂದು ಕೇಳಿದಳು ಎನಿಫಾ.

ಮಗು ಉತ್ತರಿಸಬೇಕೆಂದುಕೊಂಡು ಇಬ್ಬರನ್ನೂ ನೋಡಿತು. "ನಿನ್ನ ಕೇಳಿಲ್ಲ ಪುಟ್ಟಾ," ಎಂದಳು ಎನಿಫಾ ಅವಸರದಿಂದ.

ಡಾಕ್ಟರ್ ಕಚಾಲೆ ಬಂದಾಗ ಹೊತ್ತು ಏರಿತ್ತು. ಇಬ್ಬರನ್ನೂ ಪಕ್ಕದ ಕಿಟಕಿಯ ಬೆಂಚಿಗೆ ಕರೆದಳು. ಗೊತ್ತಾಯಿತು ಎಂದಳು. ಮೂಳೆಯೊಳಗೆ ರಕ್ತ ಮಾಡುವ ಜಾಗದ ತುಂಬ ಬೆಳೆಯದ ಬಿಳಿ ಕಣಗಳೇ ಇವೆ. ದೊಡ್ಡವಾಗಿ ಕೆಲಸ ಮಾಡದೆ, ಹುಟ್ಟಿದ ಹಾಗೇ ಉಳಿದು ಗುಂಪು ಕಟ್ಟಿವೆ. ಕೆಂಪು ಕಣಕ್ಕೆ ಜಾಗವಿಲ್ಲ, ಅದಕ್ಕೇ ಅಂಗೈ ಬಿಳಿ, ಅದಕ್ಕೇ ಸುಸ್ತು. ರಕ್ತ ಹೆಪ್ಪುಗಟ್ಟಿಸುವ ಕಣಕ್ಕೆ ಜಾಗವಿಲ್ಲ, ಅದಕ್ಕೇ ಕಲೆ, ಅದಕ್ಕೇ ಮೂಗಿನ ರಕ್ತ. ಜ್ವರ, ಗಂಟು, ಹೊಟ್ಟೆ, ಕಾಲೊಳಗಿನ ಕಚ್ಚು, ಎಲ್ಲ ಅದರದ್ದೇ. ಲ್ಯುಕೀಮಿಯಾ. ರಕ್ತದ ಕ್ಯಾನ್ಸರ್.

ಹೆಸರು ಬಂತು. ಎನಿಫಾ ಕಾದಿದ್ದಳು. ಆದರೂ ತಾನು ಕೇಳಬೇಕೆಂದು ಎತ್ತಿಟ್ಟುಕೊಂಡಿದ್ದನ್ನು ಕೇಳಿಯೇ ಬಿಟ್ಟಳು. "ಡಾಕ್ಟರ್, ಹೊಡೆದ್ರೆ ಇದು ಬರುತ್ತಾ?"

"ಇಲ್ಲ. ಯಾರು ಎಷ್ಟು ಹೊಡೆದ್ರೂ ಇದು ಬರಲ್ಲ. ಯಾರೂ ಹೊಡೀದೇ ಇದ್ರೂ ಆ ಕಲೆಗಳು ಬರ್ತವೆ."

"ಇನ್ನೊಂದ್ಸಲ ಹೇಳಿ. ಅಜ್ಜಿಗೆ ಕಿವಿ ಮಂದ."

ಮುದುಕಿಗೆ ಕಿವಿ ಚುರುಕಾಗಿಯೇ ಇತ್ತು. ಡಾಕ್ಟರ್ ಇಬ್ಬರನ್ನೂ ನೋಡಿ, ಮತ್ತೆ ಹೇಳಿದಳು, ಮೆಲ್ಲಗೆ.

"ಮತ್ತೆ ಬ್ಲೇಡಿನ ಗೀರು? ಅದು?"

"ಗೀರಿನಿಂದ ಕಾಯಿಲೆ ಬಂದಿಲ್ಲ. ಆದ್ರೆ ಅವತ್ತು ಮಗು ಉಳಿದಿದ್ದೇ ಹೆಚ್ಚು." ಡಾಕ್ಟರ್ ಎನಿಫಾಳ ಕಡೆ ತಿರುಗಿದಳು. "ಅಮ್ಮಾ, ನೀವು ಕೇಳಬೇಕಾಗಿದ್ದು ಇನ್ನೊಂದಿದೆ. ಯಾರೂ ಕೇಳಲಿಲ್ಲ. ಗುಣ ಆಗುತ್ತಾ ಅಂತ."

ಎನಿಫಾ ತಲೆ ಎತ್ತಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆದವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಗುಣ ಆದ ಮಕ್ಕಳಿದಾರೆ. ಆಗದವರೂ ಇದಾರೆ. ಮದ್ದು ತಿಂಗಳುಗಟ್ಟಲೆ, ನಿಲ್ಲಿಸೋ ಹಾಗಿಲ್ಲ. ಕೂದಲು ಹೋಗುತ್ತೆ, ವಾಂತಿ, ಬಾಯಿಹುಣ್ಣು, ರಕ್ತ ಕೊಡೋರು ಬೇಕು. ಸ್ವಲ್ಪ ಚೆನ್ನಾಗಾದ ತಕ್ಷಣ ಊರಿಗೆ ಕರಕೊಂಡು ಹೋಗ್ಬಿಡ್ತಾರೆ ಜನ. ಹಾಗೆ ಹೋದ್ರೆ ಉಳಿಯಲ್ಲ. ಒಬ್ರ ಕೈಲಿ ಆಗೋ ಕೆಲಸ ಅಲ್ಲ ಇದು. ನಾಳೆ ಶುರು."

ಡಾಕ್ಟರ್ ಹೋದ ಮೇಲೆ ಮುದುಕಿ ಬೆಂಚಿನ ಮೇಲೆಯೇ ಇದ್ದಳು. ಆಮೇಲೆ ಎದ್ದು, ಮಂಚದ ಬಳಿಗೆ ಬಂದು, ವಾರ್ಡಿನ ಎಲ್ಲ ತಾಯಂದಿರ ಎದುರು, ನೆಲಕ್ಕೆ ಮೊಣಕಾಲೂರಿದಳು. ವಯಸ್ಸಾದವಳು ಸೊಸೆಯ ವಯಸ್ಸಿನವಳ ಮುಂದೆ ಮೊಣಕಾಲೂರುವುದು ಯಾರೂ ಕಂಡಿರದ ಸಂಗತಿ. ಸುಟ್ಟ ಕಾಲಿನ ಹುಡುಗನ ಅಜ್ಜಿ, ಆ ಚಿಕ್ವಾವಾದವಳು, ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಳು.

"ಬಿಟೋನಿಗೆ ಹೇಳ್ತೀನಿ," ಎಂದಳು ಮುದುಕಿ ನೆಲ ನೋಡುತ್ತಾ. "ಇವತ್ತೇ ಊರಿಗೆ ಹೋಗ್ತೀನಿ. ಮರದ ಕೆಳಗೆ ಎಲ್ಲರನ್ನೂ ಸೇರಿಸ್ತೀನಿ. ನಾನು ಸುಳ್ಳು ಹೇಳ್ದೆ ಅಂತ ನಾನೇ ಹೇಳ್ತೀನಿ. ನಿನ್ನ ಕೋಳಿ ವಾಪಸು ಕೊಡಿಸ್ತೀನಿ."

ಅಷ್ಟು ದಿನ ಒನಕೆಯ ಪೆಟ್ಟಿಗೆ ಹೊಂದಿಸಿದ್ದ ಮಾತುಗಳು ಎದುರಿಗೆ ಮೊಣಕಾಲೂರಿದ್ದವು. ಎನಿಫಾ ಅವನ್ನು ನೋಡಿದಳು. ಮುದುಕಿಯ ನೆತ್ತಿಯ ಕೂದಲು ತೆಳುವಾಗಿ ಅದರೊಳಗಿನ ಚರ್ಮ ಕಾಣುತ್ತಿತ್ತು. ಈಗ ಏಳಿ ಎನ್ನಬೇಕು, ಅದು ಮರ್ಯಾದೆ. ಅವಳು ಎನ್ನಲಿಲ್ಲ. ಇವಳು ಊರಿಗೆ ಹೋಗುತ್ತಾಳೆ, ಹೇಳುತ್ತಾಳೆ, ಜನ ಲೊಚಗುಟ್ಟುತ್ತಾರೆ, ದೊಡ್ಡ ಮನಸ್ಸಿನವಳು ಎನ್ನುತ್ತಾರೆ, ಇವಳು ಹಗುರಾಗಿ ತನ್ನ ಕೋಳಿಮರಿಗಳ ನಡುವೆ ಕೂರುತ್ತಾಳೆ. ತಾನು ಇಲ್ಲಿ ವಾಂತಿ ಬಳಿಯುತ್ತಾ ಇರಬೇಕು.

"ಊರಿಗೆ ಹೋಗೋದೇನೂ ಬೇಡ," ಎಂದಳು.

"ಹೇಳಬೇಡ್ವಾ?"

"ಹೇಳ್ಬಿಟ್ಟು ಹಗುರಾಗೋದು ಬೇಡ. ಇಲ್ಲೇ ಇರಿ. ಮಗು ಕಕ್ಕಿದ್ದು ಬಾಚಿ. ರಾತ್ರಿ ಕಾಲು ಒತ್ತಿ. ಸೂಜಿ ಹಾಕೋವಾಗ ಹಿಡ್ಕೊಳ್ಳಿ. ಒಂದೊಂದು ಸೂಜಿಗೂ. ಬಿಟೋನಿ ಬಂದು ರಕ್ತ ಕೊಡಲಿ. ಅವಳು ನಡ್ಕೊಂಡು ಊರಿಗೆ ಬಂದ ದಿನ ಹೇಳುವಿರಂತೆ ಮರದ ಕೆಳಗೆ. ಅಲ್ಲೀವರೆಗೂ ನಿಮಗೆ ಬಿಡುಗಡೆ ಇಲ್ಲ."

"ನಡ್ಕೊಂಡು ಬರದೇ ಹೋದ್ರೆ?" ಮುದುಕಿಯ ದನಿ ಎಷ್ಟು ತಗ್ಗಿತ್ತೆಂದರೆ ಅದು ಮಾತೋ ಉಸಿರೋ ತಿಳಿಯುವಂತಿರಲಿಲ್ಲ.

ಎನಿಫಾ ಮಗುವಿನ ಕಾಲ ಮೇಲೆ ಹೊದಿಕೆ ಎಳೆದಳು. ಮುದುಕಿ ಮೊಣಕಾಲ ಮೇಲೆಯೇ ಇದ್ದಳು. ಮಂಚದ ಮೇಲಿಂದ ತಿಯೆಸೆ ಅಂಚಿಗೆ ಬಂದು ಕೆಳಗೆ ಬಾಗಿ ನೋಡಿತು.

"ಎನೀ, ಅಗೋಗೊ ಏನು ಹುಡುಕ್ತಿದಾಳೆ?"

"ಏನೋ ಬೀಳಿಸ್ಕೊಂಡಿದಾಳೆ," ಎಂದಳು ಎನಿಫಾ. "ಹುಡುಕಲಿ ಬಿಡು."

"ನಾನೂ ಹುಡುಕ್ತೀನಿ."

ಮಗು ಕಾಲು ಇಳಿಬಿಟ್ಟು, ಕೈಗೆ ಅಂಟಿಸಿದ್ದ ಸೂಜಿಯ ನಳಿಕೆ ಎಳೆದುಕೊಂಡೇ, ಮಂಚದಿಂದ ಜಾರತೊಡಗಿತು. ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಇಬ್ಬರ ಕೈಯೂ ಆ ಪುಟ್ಟ ತೋಳುಗಳಿಂದ ಗೇಣು ದೂರದಲ್ಲಿ ಗಕ್ಕನೆ ನಿಂತವು. ಬೆರಳಿನ ಕಲೆಗಳು ಅಲ್ಲೇ ಇದ್ದವು. ನಾಲ್ಕು ಅಂಗೈಗಳ ನಡುವೆ, ಯಾರೂ ಮುಟ್ಟದ ಜಾಗದಲ್ಲಿ, ಮಗು ಅರ್ಧ ಜಾರಿ ನೇತುಕೊಂಡು, ಇವರಿಗೇನಾಯಿತು ಎಂದು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿತು.

"ತೋಳು ಹಿಡೀಬೇಡಿ," ಎಂದಳು ಎನಿಫಾ. ದನಿ ಒರಟಾಗಿಯೇ ಇತ್ತು, ಅದನ್ನು ಮೆತ್ತಗೆ ಮಾಡಲು ಅವಳು ಹೋಗಲಿಲ್ಲ. "ಕಂಕುಳ ಕೆಳಗೆ ಅಂಗೈ ಚಪ್ಪಟೆ ಮಾಡಿ ಕೊಡಿ. ಬೆರಳು ಒತ್ತಬಾರದು. ಹಾಗಲ್ಲ. ಇನ್ನೂ ಅಗಲ. ಭಾರ ಎಲ್ಲ ನಿಮ್ಮ ಎದೆಗೆ ತಗೊಳ್ಳಿ. ಹಾಂ. ಈಗ ಎತ್ತಿ."

ಮುದುಕಿ ಮೊಣಕಾಲ ಮೇಲಿಂದಲೇ ಎತ್ತಿದಳು.